ದೀಪದ ಕೆಲಸಕ್ಕೆ ಹುಟ್ಟಿದ ನೂಲು

ಸೆಲ್ಯುಲೋಸ್‌ನಿಂದ ಬೆಳಕು ಬೀರುವ ಬಟ್ಟೆಯ ಎಳೆ ತೆಗೆಯುವುದು ಹೇಗೆ ಎಂಬುದು ಈ ಸಂಜೆಯ ವಿಷಯ. ಇದು ನಿನ್ನೆ ಮೊನ್ನೆಯ ಸಂಗತಿ ಎಂದು ಅನೇಕರು ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ, ಮನುಷ್ಯ ತಾನೇ ತೆಗೆದ ಮೊದಮೊದಲ ಸೆಲ್ಯುಲೋಸ್ ಎಳೆಗಳಲ್ಲಿ ಹಲವು ಹುಟ್ಟಿದ್ದೇ ವಿದ್ಯುದ್ದೀಪಕ್ಕಾಗಿ.

1879ರಲ್ಲಿ ಎಡಿಸನ್ ಹೊತ್ತಿಸಿದ ಬಲ್ಬಿನೊಳಗಿದ್ದದ್ದು ಸುಟ್ಟು ಇದ್ದಿಲು ಮಾಡಿದ ಹತ್ತಿಯ ಹೊಲಿಗೆ ದಾರ. ಹತ್ತಿ ದಾರ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ. ತೆಳುವಾಗಿರುವ ಕಡೆ ಹೆಚ್ಚು ಕಾದು, ಅಲ್ಲೇ ಕಡಿದುಹೋಗುತ್ತದೆ. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಇದಕ್ಕೆ ಬೇರೆ ದಾರಿ ಹಿಡಿದ. ನೈಟ್ರೋಸೆಲ್ಯುಲೋಸನ್ನು ಅಸೆಟಿಕ್ ಆಮ್ಲದಲ್ಲಿ ಕರಗಿಸಿ, ಸಣ್ಣ ತೂತಿನ ಮೂಲಕ ಒತ್ತಿ, ಒಂದೇ ಸಮನಾದ ಎಳೆ ತೆಗೆದ. 1883ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅವನ ಹೆಂಡತಿ ಆ ಎಳೆಗಳಲ್ಲೇ ನಯವಾದವನ್ನು ಆರಿಸಿ ಕ್ರೋಶಾ ಹೆಣೆದಳು. 1885ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದನ್ನು ಕೃತಕ ರೇಷ್ಮೆ ಎಂದು ಜನರ ಮುಂದಿಟ್ಟರು. ಸ್ವಾನ್ ಬಟ್ಟೆಯ ಕಡೆ ಹೊರಳದೆ ದೀಪದ ಕೆಲಸದಲ್ಲೇ ಉಳಿದ. ಕೃತಕ ರೇಷ್ಮೆಯ ಕಾರ್ಖಾನೆ ತೆರೆದ ಕೀರ್ತಿ ಫ್ರಾನ್ಸಿನ ಶಾರ್ಡೊನೆಗೆ ಸಂದಿತು.

ಇದು ಒಬ್ಬನ ಕಥೆಯಷ್ಟೇ ಅಲ್ಲ. ತಾಮ್ರ ಮತ್ತು ಅಮೋನಿಯದ ದ್ರಾವಣದಲ್ಲಿ ಸೆಲ್ಯುಲೋಸ್ ಕರಗಿಸಿ ಜರ್ಮನಿಯಲ್ಲಿ ನೂಲು ತೆಗೆದ ಫ್ರೆಮೆರಿ ಮತ್ತು ಊರ್ಬನ್ ಮೊದಲು ಬಲ್ಬಿನ ತಂತುಗಳನ್ನು ಮಾಡುತ್ತಿದ್ದರು. ವಿಸ್ಕೋಸ್ ನೂಲಿಗೆ ರೂಪ ಕೊಟ್ಟ ಸ್ಟರ್ನ್ ಸ್ವಾನನ ಒಡನಾಡಿ, ಅವನೂ ದೀಪದವನೇ. ನಾವು ರೇಯಾನ್ ಎಂದು ಉಟ್ಟದ್ದರಲ್ಲಿ ಬಹುಪಾಲು ದೀಪದವರ ಕೈದಾಟಿ ಬಂದದ್ದು. ಮುಂದೆ ಟಂಗ್‌ಸ್ಟನ್ ತಂತಿ ಬಂತು, ಬಲ್ಬಿಗೆ ಸೆಲ್ಯುಲೋಸ್ ಬೇಡವಾಯಿತು, ನೂಲು ಬಟ್ಟೆಗೇ ಮೀಸಲಾಯಿತು.

ಈಗ ಅದು ಮತ್ತೆ ಬೆಳಕಿನ ಕಡೆಗೆ ಬಂದಿದೆ, ಆದರೆ ಉರಿಯುವುದಕ್ಕಲ್ಲ. ಇಂದಿನ ಎಳೆ ತಣ್ಣಗೇ ಬೆಳಗುತ್ತದೆ.

ಅದನ್ನು ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮರದ ತಿರುಳನ್ನು ಎನ್‌ಎಂಎಂಒ ಎಂಬ ದ್ರಾವಕದಲ್ಲಿ ನೀರಿನ ಜೊತೆ ಕಲಸಿ, ನಿರ್ವಾತದಲ್ಲಿ ಕಾಯಿಸುತ್ತ ನೀರನ್ನು ಮೆಲ್ಲಗೆ ತೆಗೆಯುತ್ತಾರೆ. ಶಾಖ ಸುಮಾರು ನೂರು ಡಿಗ್ರಿ. ನೀರು ಒಂದು ಮಟ್ಟಕ್ಕೆ ಇಳಿದಾಗ ತಿರುಳಿನ ನಾರುಗಳು ಕಣ್ಮರೆಯಾಗಿ, ಜೋನಿಬೆಲ್ಲದಂಥ ಬಣ್ಣದ, ಅಷ್ಟೇ ಅಂಟಾದ ದ್ರಾವಣ ಉಳಿಯುತ್ತದೆ. ಬೆಳಕು ಬೀರುವ ಪುಡಿಯನ್ನು ಈ ದ್ರಾವಣಕ್ಕೇ ಸೇರಿಸುತ್ತಾರೆ. ಆಮೇಲೆ ಸಣ್ಣ ತೂತುಗಳ ತಟ್ಟೆಯಿಂದ ಒತ್ತಿದಾಗ ಎಳೆ ಮೊದಲು ಸ್ವಲ್ಪ ದೂರ ಗಾಳಿಯಲ್ಲಿ ಹಿಗ್ಗಿ, ನಂತರ ನೀರಿನ ತೊಟ್ಟಿಗೆ ಇಳಿಯುತ್ತದೆ. ನೀರು ದ್ರಾವಕವನ್ನು ಎಳೆದುಕೊಳ್ಳುತ್ತದೆ, ಸೆಲ್ಯುಲೋಸ್ ಮತ್ತೆ ಗಟ್ಟಿಯಾಗುತ್ತದೆ, ಪುಡಿ ಅದರೊಳಗೇ ಸೆರೆಯಾಗುತ್ತದೆ. ಇದೇ ಲಯೋಸೆಲ್ ವಿಧಾನ. ಬಟ್ಟೆಯ ಮೇಲೆ ಬಳಿದ ಲೇಪ ಒಗೆದಂತೆ ಉದುರುತ್ತದೆ, ಬಟ್ಟೆಯನ್ನು ಬಿರುಸು ಮಾಡುತ್ತದೆ. ಎಳೆಯೊಳಗಿನ ಪುಡಿಗೆ ಆ ತೊಂದರೆ ಬಹಳ ಕಡಿಮೆ.

ಕಷ್ಟ ಇರುವುದು ಪುಡಿಯ ಅಳತೆಯಲ್ಲಿ. ಎಳೆಯ ದಪ್ಪ ಹತ್ತು ಹದಿನೈದು ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಪುಡಿಯ ಕಾಳು ದಪ್ಪವಾದರೆ ತೂತು ಕಟ್ಟುತ್ತದೆ, ಇಲ್ಲವೇ ಎಳೆ ಅದೇ ಜಾಗದಲ್ಲಿ ಹರಿಯುತ್ತದೆ. ತೀರಾ ನುಣ್ಣಗೆ ಅರೆದರೆ ಬೆಳಕೇ ಕುಂದುತ್ತದೆ. ಹೆಚ್ಚು ತುಂಬಿದರೆ ಎಳೆಯ ಬಲ ಇಳಿಯುತ್ತದೆ. ಕತ್ತಲಲ್ಲಿ ಬಹಳ ಹೊತ್ತು ಹೊಳೆಯುವ ಸ್ಟ್ರಾನ್ಶಿಯಂ ಅಲ್ಯುಮಿನೇಟ್‌ಗೆ ಇನ್ನೊಂದು ದೋಷವೂ ಉಂಟು: ನೀರು ತಾಗಿದರೆ ಅದು ಕೆಡುತ್ತದೆ. ಎಳೆ ಹುಟ್ಟುವುದೇ ನೀರಿನ ತೊಟ್ಟಿಯಲ್ಲಿ! ಆದ್ದರಿಂದ ಆ ಕಾಳುಗಳಿಗೆ ಮೊದಲೇ ಕವಚ ಹಾಕಬೇಕಾಗುತ್ತದೆ.

ಪೋಲೆಂಡಿನ ವೂಚ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ಅವರು ವಿರಳ ಭಸ್ಮ ಧಾತುಗಳ ನ್ಯಾನೋ ಕಣಗಳನ್ನು ಲಯೋಸೆಲ್ ಎಳೆಯೊಳಗೆ ತುಂಬಿದರು. ಸಾಮಾನ್ಯ ಬೆಳಕಿನಲ್ಲಿ ನೋಡಿದರೆ ಅದು ಬರೀ ಬಿಳಿ ನೂಲು. ನೇರಳಾತೀತ ದೀಪ ಹಿಡಿದರೆ ಟರ್ಬಿಯಂ ಇದ್ದ ಎಳೆ ಹಸಿರು, ಯುರೋಪಿಯಂ ಇದ್ದ ಎಳೆ ಕೆಂಪು. ಈ ಧಾತುಗಳಲ್ಲಿ ಬೆಳಕು ಕೊಡುವ ಎಲೆಕ್ಟ್ರಾನುಗಳು ಪರಮಾಣುವಿನ ಒಳಕವಚದಲ್ಲಿ, ಹೊರಗಿನ ಎಲೆಕ್ಟ್ರಾನುಗಳ ಮರೆಯಲ್ಲಿ ಇರುತ್ತವೆ. ಅದಕ್ಕೇ ಸುತ್ತ ಏನಿದ್ದರೂ ಬಣ್ಣ ಮಸುಕಾಗದೆ ಖಚಿತವಾಗಿ ಬರುತ್ತದೆ. ಇಟ್ಟರ್ಬಿಯಂ ಮತ್ತು ಎರ್ಬಿಯಂ ಜೋಡಿ ಇನ್ನೂ ವಿಶೇಷ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣುವ ಹಸಿರು, ಕೆಂಪು ಬೆಳಕನ್ನು ಕೊಡುತ್ತದೆ. ಇಂಥ ಎಳೆಯನ್ನು ದಾಖಲೆಯ ಕಾಗದದಲ್ಲೋ ಬಟ್ಟೆಯಲ್ಲೋ ಸೇರಿಸಿಬಿಟ್ಟರೆ ನಕಲು ಮಾಡುವವನಿಗೆ ಬಹಳ ಕಷ್ಟ. ಫಿನ್‌ಲೆಂಡಿನ ವಿಟಿಟಿ ಸಂಸ್ಥೆಯ ಕೆಲಸ ಬೇರೆ ಬಗೆಯದು. ಅಲ್ಲಿಯ ಸೆಲ್ಯುಲೋಸ್ ಎಳೆ ತಾನು ಬೆಳಗುವುದಿಲ್ಲ, ಬೆಳಕನ್ನು ಸಾಗಿಸುತ್ತದೆ. ನೀರು ಹೀರಿದಾಗ ಸಾಗುವ ಬೆಳಕು ಬದಲಾಗುವುದರಿಂದ ತೇವ ತಿಳಿಯಲು ಅದು ಉಪಯುಕ್ತ.

ನಮ್ಮಲ್ಲಿ ಇದೆಲ್ಲ ಎಲ್ಲಿದೆ ಎಂದು ಕೇಳುತ್ತೀರಿ. ನಿಮ್ಮ ಜೇಬಿನಲ್ಲೇ ಇದೆ. ನಮ್ಮ ನೋಟುಗಳ ಕಾಗದದಲ್ಲಿ ನೇರಳಾತೀತ ದೀಪಕ್ಕೆ ಹೊಳೆಯುವ ಎಳೆಗಳಿವೆ. ಮೈಸೂರಿನಲ್ಲಿ ನೋಟು ಅಚ್ಚಾಗುತ್ತದೆ, ನೋಟಿನ ಕಾಗದದ ಕಾರ್ಖಾನೆಯೂ ಇದೆ. ಇನ್ನು ಮಾರ್ಜಕದ ಪುಡಿಯಲ್ಲಿ ಒಗೆದ ಬಿಳಿ ಅಂಗಿ ಅದೇ ದೀಪದಡಿ ನೀಲಿಯಾಗಿ ಬೆಳಗುವುದು ಪುಡಿಯಲ್ಲಿರುವ ಪ್ರತಿದೀಪ್ತಿಯ ರಾಸಾಯನಿಕದಿಂದ. ಆ ವಿದ್ಯೆಗೆ ನಾಂದಿ ಹಾಡಿದ್ದು 1929ರಲ್ಲಿ ಜರ್ಮನಿಯ ಪೌಲ್ ಕ್ರೈಸ್. ಅವನು ಹಾರ್ಸ್ ಚೆಸ್ಟ್‌ನಟ್ ಮರದ ಸತ್ವದಿಂದ ಲಿನನ್, ರೇಯಾನ್ ಬಟ್ಟೆಗಳನ್ನು ಬೆಳ್ಳಗೆ ಕಾಣಿಸಿದ್ದ.

ಒಂದು ಮಾತನ್ನು ಮಾತ್ರ ಹೇಳದೆ ಬಿಡಲಾರೆ. ಬೆಳಕಿನ ಸೊಗಸು ನೋಡುತ್ತ ನಾವು ತಿರುಳನ್ನು ಮರೆಯಬಾರದು. ರೇಯಾನ್ ತಿರುಳು ಎಂದರೆ ನಮ್ಮ ಸೀಮೆಗೆ ನೀಲಗಿರಿ ಮರ, ಹರಿಹರದ ಪಕ್ಕದ ಕುಮಾರಪಟ್ಟಣದ ತಿರುಳಿನ ಕಾರ್ಖಾನೆ, ಅದರ ಬದಿಯ ತುಂಗಭದ್ರೆ. ಆ ತಿರುಳಿಗಾಗಿ, ದನ ಮೇಯುವ, ಸೌದೆ ಆಯುವ ಊರ ನೆಲದಲ್ಲಿ ನೀಲಗಿರಿ ನೆಟ್ಟಾಗ 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಲಯೋಸೆಲ್‌ನಲ್ಲಿ ವಿಸ್ಕೋಸ್‌ನ ಕಾರ್ಬನ್ ಡೈಸಲ್ಫೈಡ್ ವಿಷವಿಲ್ಲ, ದ್ರಾವಕದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮರಳಿ ಸಿಗುತ್ತದೆ. ಇದು ದೊಡ್ಡ ಲಾಭ. ಆದರೂ ತಿರುಳು ಯಾರ ನೆಲದಿಂದ ಬಂತು ಎಂಬ ಪ್ರಶ್ನೆಗೆ ದ್ರಾವಕ ಉತ್ತರ ಕೊಡುವುದಿಲ್ಲ. ಸೆಲ್ಯುಲೋಸ್ ಮಣ್ಣಿನಲ್ಲಿ ಕೊಳೆಯುತ್ತದೆ, ಅದರೊಳಗಿನ ಯುರೋಪಿಯಂ ಕೊಳೆಯುವುದಿಲ್ಲ. ಆದ್ದರಿಂದ ಈ ಎಳೆಯನ್ನು ನೋಟು, ದಾಖಲೆ, ಗುರುತು, ರಾತ್ರಿ ದುಡಿಯುವವರ ಉಡುಪು ಇಂಥ ಕೆಲಸಗಳಿಗೆ ಮಿತವಾಗಿ ಬಳಸಬೇಕು, ಒಂದು ಹಬ್ಬಕ್ಕೆ ಉಟ್ಟು ಎಸೆಯುವ ಬಟ್ಟೆಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಭೆಯಲ್ಲಿ ರಸಾಯನಶಾಸ್ತ್ರ, ಜವಳಿ ಓದುವ ಮಕ್ಕಳಿದ್ದೀರಿ. ಹತ್ತಿ ಬಟ್ಟೆಯ ಚೂರುಗಳಿಂದ ತಿರುಳು ತೆಗೆದು ಲಯೋಸೆಲ್ ಎಳೆ ಮಾಡುವುದು ಆಸ್ಟ್ರಿಯಾದಲ್ಲಿ ಈಗಾಗಲೇ ನಡೆದಿದೆ. ಹತ್ತಿ ಬೆಳೆಯುವ, ಬಟ್ಟೆ ಹೊಲಿಯುವ ನಾಡು ನಮ್ಮದು, ಚೂರಿಗೆ ಬರವಿಲ್ಲ. ಬೆಳಗುವ ಎಳೆಯ ಪ್ರಯೋಗಕ್ಕೆ ಕೈಹಾಕುವವರು ಆ ಚೂರುಗಳಿಂದಲೇ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ.