ಉಳಿದ ನಲವತ್ತು ಅಂಕಗಳು

ಮೂವತ್ತು ವರ್ಷ ಪ್ರಶ್ನೆಪತ್ರಿಕೆಗಳನ್ನು ರಚಿಸಿದವನಿಗೆ ನಿವೃತ್ತಿಯ ತರುವಾಯ ಪರೀಕ್ಷಾರ್ಥಿಯಾಗುವ ಯೋಗ ಒದಗಿತು. ಮೋಟಾರು ಚಾಲನೆಯ ಕಲಿಕಾ ಲೈಸೆನ್ಸಿಗಾಗಿ ನಡೆಯುವ ನಿಯಮಜ್ಞಾನದ ಪರೀಕ್ಷೆ ಅದು.

ಸಿದ್ಧತೆಯು ಮೊದಮೊದಲು ವ್ಯಾಕರಣಪಾಠದಂತೆಯೇ ತೋರಿತು. ಕೆಂಪಂಚಿನ ತ್ರಿಕೋನ ಎಚ್ಚರಿಸುತ್ತದೆ, ವೃತ್ತ ಆಜ್ಞಾಪಿಸುತ್ತದೆ, ನೀಲಿಯ ಆಯತ ದಾರಿಯ ಸಮಾಚಾರವನ್ನು ತಿಳಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಶೇಕಡಾ 60ರಷ್ಟು ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ತೇರ್ಗಡೆ ಎಂದು ತಿಳಿದಾಗ, 35 ಅಂಕಕ್ಕೆ ಎಷ್ಟೋ ಮಂದಿಯನ್ನು ದಡ ಸೇರಿಸಿದ್ದ ನನಗೆ ನಿಶ್ಚಿಂತೆಯೇ ಆಯಿತು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದು ಪ್ರಶ್ನೆಗೆ ತಪ್ಪಿದೆ. ಕಾವಲಿಲ್ಲದ ರೈಲುದಾರಿಯನ್ನು ದಾಟುವ ಬಗೆ ಹೇಗೆ? ‘ನಿಧಾನವಾಗಿ’ ಎಂದೆ. 1988ರ ಮೋಟಾರು ವಾಹನ ಕಾಯಿದೆ ಹೇಳುವುದು ಬೇರೆ: ವಾಹನವನ್ನು ನಿಲ್ಲಿಸಬೇಕು, ಜೊತೆಯವರೊಬ್ಬರು ಹಳಿಯವರೆಗೆ ನಡೆದುಹೋಗಿ ರೈಲು ಬರುತ್ತಿಲ್ಲವೆಂದು ನೋಡಬೇಕು, ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು.

ಹೋದದ್ದು ಒಂದೇ ಅಂಕವಲ್ಲವೆ ಎಂದು ಪುಟ ತಿರುವಹೊರಟ ಕೈ ಹಾಗೆಯೇ ನಿಂತಿತು. ಆ ಉತ್ತರವನ್ನು ನಾನು ರಸ್ತೆಯಲ್ಲಿ ಕೊಟ್ಟಿದ್ದರೆ, ಹಿಂದಿನ ಆಸನದಲ್ಲಿ ಕುಳಿತ ಮೊಮ್ಮಗಳ ಗತಿಯೇನು? ಪಂಪನ ಕಾಲವನ್ನು ತಪ್ಪಾಗಿ ಬರೆದ ವಿದ್ಯಾರ್ಥಿಯಿಂದ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ.

ಕೇಳುಗರೇ, ತೇರ್ಗಡೆಗೆ 60 ಸಾಕು. ಆದರೆ ಅನ್ಯರ ಜೀವ ಉಳಿದ 40ರಲ್ಲಿಯೂ ಇದೆ. ಅಂದಿನಿಂದ ತಪ್ಪಿದ ಪ್ರಶ್ನೆಗಳನ್ನೇ ಮೊದಲು ಓದತೊಡಗಿದೆ.