ತಂದೆಯ ಯೆಜ್ಡಿ, ತಂಗಿಯ ಪಾಲು
(ಬಂಡ್ರಿಯಲ್ಲಿ ಜರುಗಿದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇಂಥ ವೇದಿಕೆಗಳಲ್ಲಿ ನೀವು ಶಿಕ್ಷಣ, ವರದಕ್ಷಿಣೆ, ದುಂದುವೆಚ್ಚ ಮುಂತಾದ ವಿಷಯಗಳ ಬಗ್ಗೆ ಕೇಳಿದ್ದೀರಿ. ಇಂದು ನಾವು ಒಂದು ಹಳೆಯ ಮೋಟಾರ್ ಸೈಕಲ್‌ನ ಕುರಿತು ಮಾತನಾಡಲು ಬಂದಿದ್ದೇವೆ. ಯುವಕರು ಮುಗುಳ್ನಗುತ್ತಿರುವುದು ಕಾಣಿಸುತ್ತಿದೆ. ಸ್ವಲ್ಪ ತಾಳ್ಮೆಯಿಂದ ಕೇಳಿರಿ, ಮಾತು ಕೊನೆಗೆ ನಿಮ್ಮ ಮನೆಯ ಅಂಗಳಕ್ಕೇ ಬರುತ್ತದೆ.

ನಮ್ಮ ತಂದೆಯವರು ಬಟ್ಟೆಯ ಗಂಟು ಕಟ್ಟಿಕೊಂಡು ಸಂಡೂರು, ಕೂಡ್ಲಿಗಿಗಳ ಸಂತೆಗೆ ಹೋಗುತ್ತಿದ್ದುದು ಒಂದು ಯೆಜ್ಡಿ ರೋಡ್‌ಕಿಂಗ್ ಗಾಡಿಯ ಮೇಲೆ. ಅವರ ನಿಧನದ ನಂತರ ಅದು ಹಿತ್ತಲಿನಲ್ಲಿ ಗೋಣಿಚೀಲ ಹೊದ್ದು ನಿಂತಿತು. ಕೋಳಿಗಳು ಅದರ ಸೀಟಿನ ಮೇಲೆ ರಾತ್ರಿ ಕಳೆದವು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಕೇಳಿ ಹೋದನು.

ಈ ಗಾಡಿ ನಮ್ಮ ಕರ್ನಾಟಕದ ಕೂಸು ಎಂಬುದು ಇಂದಿನ ಅನೇಕ ಯುವಕರಿಗೆ ತಿಳಿಯದು. ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಹುಟ್ಟಿದ ಜಾವಾ ವಾಹನವನ್ನು ಇರಾನಿ ಮನೆತನದ ಉದ್ಯಮಿಗಳು ಮೈಸೂರಿಗೆ ತಂದರು. ಅವರ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿಗಳು ತಯಾರಾದವು. 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೊಸ ಕಂಪನಿಯೊಂದು 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಆದರೆ ಅವು ಮೈಸೂರಿನ ಹಳೆಯ ಗಾಡಿಗಳಲ್ಲ. ಆದುದರಿಂದಲೇ ಹಳೆಯದಕ್ಕೆ ಈಗ ಬೆಲೆ ಬಂದಿದೆ.

ನಮ್ಮ ತಮ್ಮ ಗಣಿ ಲಾರಿಗಳ ಶೆಡ್‌ನಲ್ಲಿ ಕೆಲಸ ಕಲಿತವನು. 2011ರಲ್ಲಿ ಸುಪ್ರೀಮ್ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಆ ಶೆಡ್ ಮುಚ್ಚಿತು, ಪಾನಾಗಳು ಅವನೊಂದಿಗೆ ಮನೆಗೆ ಬಂದವು. ಅವನೇ ಒಂದು ರಮಝಾನ್‌ನ ನಂತರ ಗೋಣಿಚೀಲ ಸರಿಸಿದನು. ಮೊದಲ ದಿನ ಏನನ್ನೂ ಬಿಚ್ಚಲಿಲ್ಲ. ಪ್ರತಿಯೊಂದು ಭಾಗದ ಚಿತ್ರ ತೆಗೆದು, ಬಿಚ್ಚಿದ ತಿರುಪುಗಳನ್ನು ಹಾಕಲು ಬೇರೆ ಬೇರೆ ಡಬ್ಬಿಗಳ ಮೇಲೆ ಹೆಸರು ಬರೆದನು. ತುಕ್ಕು ಹಿಡಿದ ಬೋಲ್ಟ್‌ಗೆ ಸುತ್ತಿಗೆ ಎತ್ತಲಿಲ್ಲ, ಡೀಸೆಲ್ ಹನಿಸಿ ರಾತ್ರಿಯಿಡೀ ಬಿಟ್ಟನು. ಟ್ಯಾಂಕ್‌ನ ಒಳಗಿನ ತುಕ್ಕನ್ನು ತೊಳೆದನು, ಕಾರ್ಬುರೇಟರ್‌ನ ಸಣ್ಣ ರಂಧ್ರಗಳನ್ನು ಬಿಡಿಸಿದನು. ಇದು ಟು ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಎಣ್ಣೆಯನ್ನು ಅಳತೆ ಮಾಡಿ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಮಸಿಗಟ್ಟುತ್ತದೆ. ಅಳತೆಯೇ ಈ ವಿದ್ಯೆಯ ಜೀವಾಳ.

ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುವಾಗಿಸಿ ಕೊಟ್ಟುದನ್ನೂ, ಕವಚದ ಕೊಂಡಿಗಳನ್ನು ಅಳತೆಯಿಂದ ಜೋಡಿಸುವಂತೆ ಆದೇಶಿಸಿದುದನ್ನೂ ಪವಿತ್ರ ಕುರ್‌ಆನ್ ತಿಳಿಸುತ್ತದೆ. ಎಂಜಿನ್ನಿನಲ್ಲಿ ಚಲನೆಯನ್ನು ತಿರುಗಿಸುವ ಕ್ರ್ಯಾಂಕನ್ನು ನೀರೆತ್ತುವ ಯಂತ್ರದಲ್ಲಿ ಬಳಸಿ, 1206ರಲ್ಲಿ ಚಿತ್ರಸಹಿತ ಗ್ರಂಥ ಬರೆದವರು ಅಲ್ ಜಝರಿ. ಹೀಗಿದ್ದೂ ಹೆಣ್ಣು ಕೇಳಲು ಹೋದಾಗ 'ಹುಡುಗ ಗ್ಯಾರೇಜಿನವನು' ಎಂದು ಮುಖ ತಿರುಗಿಸುವವರು ನಾವೇ. ಗತಕಾಲದ ವಿಜ್ಞಾನಿಗಳ ಹೆಸರು ಹೇಳಿ ಹೆಮ್ಮೆಪಡುವ ನಮಗೆ, ಕೈಗೆ ಎಣ್ಣೆ ಮೆತ್ತಿಕೊಂಡ ಮಗನ ಬಗ್ಗೆ ನಾಚಿಕೆ ಏಕೆ?

ಐದು ತಿಂಗಳ ನಂತರ ಒಂದು ಶುಕ್ರವಾರ ಸಂಜೆ ಗಾಡಿ ಚಾಲೂ ಆಯಿತು. ಕಿಕ್ ಹೊಡೆದು ಅದೇ ಸರಳನ್ನು ಮುಂದಕ್ಕೆ ಮಡಚಿದರೆ ಗೇರ್ ಆಗುವ ಆ ಹಳೆಯ ಜಾಣ್ಮೆ, ಎರಡೂ ಬದಿಯ ಸೈಲೆನ್ಸರ್‌ಗಳ ಆ ಸದ್ದು! ನಮ್ಮ ಅಮ್ಮಿ ಬಾಗಿಲಿಗೆ ಬಂದು ನಿಂತರು. ತಂದೆಯವರು ಸಂತೆಯಿಂದ ಮರಳುವ ಹೊತ್ತಿಗೆ ಅವರು ನಿಲ್ಲುತ್ತಿದ್ದುದು ಅಲ್ಲಿಯೇ.

ಒಂದು ವಾರದಲ್ಲಿ ಹೊಸಪೇಟೆಯಿಂದ ಗಿರಾಕಿಯೊಬ್ಬರು ಬಂದು 80,000 ರೂಪಾಯಿ ಎಂದರು. ನಾವು ಸಹೋದರರಿಬ್ಬರೂ ತಲಾ 40,000 ಎಂದು ಅಲ್ಲಿಯೇ ಲೆಕ್ಕ ಹಾಕಿದೆವು. ಹಬ್ಬಕ್ಕೆ ತವರಿಗೆ ಬಂದಿದ್ದ ತಂಗಿ ಚಹಾದ ತಟ್ಟೆ ಇಟ್ಟು ಮೆಲ್ಲಗೆ ಕೇಳಿದಳು: "ಭಾಯ್, ಅಬ್ಬಾರ ಗಾಡಿಯಲ್ಲಿ ನನ್ನದೇನೂ ಇಲ್ಲವೇ?"

ಸಹೋದರರೇ, ನಾವು ಮದ್ರಸಾದಲ್ಲಿ ಫರಾಇಝ್, ಅಂದರೆ ವಾರಸು ಹಂಚಿಕೆಯ ಶಾಸ್ತ್ರವನ್ನು ಓದಿದವರು. ಪರೀಕ್ಷೆಯಲ್ಲಿ ಇದಕ್ಕಿಂತ ಹತ್ತು ಪಟ್ಟು ಜಟಿಲವಾದ ಲೆಕ್ಕಗಳನ್ನು ಬಿಡಿಸಿದ್ದೆವು. ಆದರೆ ಸ್ವಂತ ಹಿತ್ತಲಿನ ಲೆಕ್ಕ ನಮಗೆ ಹೊಳೆಯಲಿಲ್ಲ. ಆ ಕ್ಷಣದ ನಾಚಿಕೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಲೆಂದೇ ಇಂದು ಬಂದಿದ್ದೇವೆ.

ಲೆಕ್ಕ ಸರಳವಾಗಿದೆ. ಮೊದಲು ಮೃತರ ಸಾಲ ತೀರಬೇಕು. ಪತ್ನಿಗೆ ಕೊಡದೆ ಉಳಿದ ಮಹ್ರ್ ಕೂಡಾ ಸಾಲವೇ. ವಸಿಯ್ಯತ್ ಇದ್ದರೆ ಮೂರನೆಯ ಒಂದು ಭಾಗ ಮೀರದಂತೆ ಅದು ನೆರವೇರಬೇಕು. ಅನಂತರ, ಮಕ್ಕಳಿದ್ದಲ್ಲಿ ಪತ್ನಿಗೆ ಎಂಟನೆಯ ಒಂದು ಭಾಗ. ನಮ್ಮ ತಂದೆಯವರ ತಂದೆ ತಾಯಿ ಅದಾಗಲೇ ತೀರಿಕೊಂಡಿದ್ದುದರಿಂದ, ಉಳಿದುದು ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. 80,000ದಲ್ಲಿ ಅಮ್ಮಿಗೆ 10,000. ಉಳಿದ 70,000ದಲ್ಲಿ ನಮಗಿಬ್ಬರಿಗೆ ತಲಾ 28,000, ತಂಗಿಗೆ 14,000. ತಮ್ಮನ ದುಡಿಮೆಗೂ ಬಿಡಿಭಾಗಗಳಿಗೂ ಆದ ಖರ್ಚನ್ನು ಎಲ್ಲರೂ ಒಪ್ಪಿ ಬೇರೆಯಾಗಿ ಕೊಟ್ಟೆವು. ಗಾಡಿಯನ್ನು ಮಾರಲಿಲ್ಲ. ತಮ್ಮನೇ ಅದನ್ನು ಇಟ್ಟುಕೊಂಡು ಉಳಿದ ಮೂವರ ಪಾಲನ್ನು ಕಂತುಗಳಲ್ಲಿ ತೀರಿಸಿದನು.

'ನಮ್ಮ ತಂಗಿ ಬೇಡವೆಂದು ಬಿಟ್ಟುಕೊಟ್ಟಳು' ಎಂದು ಹೇಳುವವರಿದ್ದಾರೆ. ಹಣವನ್ನು ಅವಳ ಕೈಗೆ ಕೊಟ್ಟ ನಂತರ ಬಿಟ್ಟುಕೊಟ್ಟಳೇ? ಅಥವಾ ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಬಾಯಿ ಮುಚ್ಚಿಕೊಂಡಳೇ? ಭಯದಿಂದ ಹುಟ್ಟಿದ ಮೌನವು ಒಪ್ಪಿಗೆಯಲ್ಲ.

ಈ ಸಂಡೂರಿನ ಗುಡ್ಡಗಳನ್ನೇ ನೋಡಿರಿ. ಮುಂದಿನ ಪೀಳಿಗೆಗೂ ಸೇರಬೇಕಾದ ಅದಿರನ್ನು ಅವರನ್ನು ಕೇಳದೆ ಅಗೆದು ಮಾರಿದರೆಂದು ನಾವು ರೊಚ್ಚಿಗೆದ್ದೆವು. 2011ರ ಲೋಕಾಯುಕ್ತ ವರದಿಯನ್ನು ಎತ್ತಿ ಹಿಡಿದು ಮಾತನಾಡಿದೆವು. ವಕ್ಫ್ ಭೂಮಿಯ ಒತ್ತುವರಿಯ ವಿರುದ್ಧ ಮನವಿ ಸಲ್ಲಿಸುತ್ತೇವೆ. ಅದು ನ್ಯಾಯವೇ ಸರಿ. ಆದರೆ ಪಾಲುದಾರರನ್ನು ಕೇಳದೆ ಮಾರುವ ರೋಗ ನಮ್ಮ ಮನೆಯೊಳಗೂ ಇರುವಾಗ ನಮ್ಮ ಮನವಿಗೆ ತೂಕವೆಲ್ಲಿಂದ ಬರಬೇಕು?

ಕಾನೂನಿನ ಮಾತನ್ನೂ ಹೇಳಿಬಿಡುತ್ತೇವೆ. ಮಾಲೀಕರು ನಿಧನರಾದರೆ ವಾಹನವನ್ನು ವಾರಸುದಾರರ ಹೆಸರಿಗೆ ಮಾಡಲು ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಸಲ್ಲಿಸಬೇಕು. ನಾವು ವರ್ಷಗಟ್ಟಲೆ ಅದನ್ನೂ ಮಾಡಿರಲಿಲ್ಲ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸದೆ ರಸ್ತೆಗೆ ಇಳಿಸಬೇಡಿ. 50 ವರ್ಷ ಮೀರಿದ ಗಾಡಿಗಳಿಗೆ 2021ರಿಂದ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮವಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಮೋಟಾರ್ ಸೈಕಲ್ ಸಣ್ಣ ವಸ್ತು. ನಿಮ್ಮ ಮನೆಗಳಲ್ಲಿ ಹೊಲವಿದೆ, ನಿವೇಶನವಿದೆ, ತಂದೆಯ ಹೆಸರಿನಲ್ಲೇ ನಡೆಯುತ್ತಿರುವ ಅಂಗಡಿಯಿದೆ. ಇಂದು ಮನೆಗೆ ಹೋಗಿ ಒಂದು ಕಾಗದದಲ್ಲಿ ಅವುಗಳ ಪಟ್ಟಿ ಮಾಡಿರಿ, ವಾರಸುದಾರರೆಲ್ಲರ ಹೆಸರು ಬರೆಯಿರಿ. ಊರಿನ ಆಲಿಮರಿಗೆ ತೋರಿಸಿ ಪಾಲು ತಿಳಿದುಕೊಳ್ಳಿರಿ. ಬಳಿಕ ನಿಮ್ಮ ಸಹೋದರಿ ಕೇಳುವ ಮುನ್ನವೇ ನೀವಾಗಿ ಅವಳ ಮನೆಗೆ ಹೋಗಿರಿ. ನಮ್ಮ ತಂಗಿ ಕೇಳಬೇಕಾಗಿ ಬಂತು. ನಿಮ್ಮವಳಿಗೆ ಆ ಸ್ಥಿತಿ ಬಾರದಿರಲಿ.

ಅಲ್ಲಾಹನು ನಮಗೆ ನ್ಯಾಯದ ಅಳತೆಯಲ್ಲಿ ನಡೆಯುವ ಭಾಗ್ಯವನ್ನು ನೀಡಲಿ. ಆಮೀನ್.