ಉಪ್ಪಿನಂಗಡಿಯಿಂದ ಅಳಿವೆ ಬಾಗಿಲಿನವರೆಗೆ

ಕಯಾಕನ್ನು ಎಲ್ಲಿ ಕೊಳ್ಳಬೇಕು, ಹುಟ್ಟನ್ನು ಹೇಗೆ ಹಿಡಿಯಬೇಕು ಎಂಬ ಪ್ರಾಥಮಿಕ ಸಂಗತಿಗಳನ್ನು ನೀವು ಈಗಾಗಲೇ ನೋಡಿಕೊಂಡಿರುವಿರೆಂದು ಭಾವಿಸಿ, ಬಹಳ ದಿನಗಳಿಂದ ನನ್ನ ಚಿತ್ತವನ್ನು ಹಿಡಿದು ನಿಲ್ಲಿಸಿರುವ ಒಂದು ವಾದದಿಂದಲೇ ಆರಂಭಿಸುತ್ತೇನೆ. ದಿನಗಟ್ಟಲೆ ಹುಟ್ಟು ಹಾಕುತ್ತ ನದಿಯಲ್ಲಿ ಸಾಗುವ ಸಾಹಸಕ್ಕೆ ನಮ್ಮ ನೇತ್ರಾವತಿ ಸಾಲದು, ಅದು ತೀರ ಗಿಡ್ಡ ನದಿ ಎಂಬುದು ಆ ವಾದ.

ವಾದಿಗಳ ಲೆಕ್ಕವೇನೂ ಸುಳ್ಳಲ್ಲ. ಅಮೆರಿಕದ ಮಿಸೌರಿ ನದಿಯಲ್ಲಿ ಕನ್ಸಾಸ್ ಸಿಟಿಯಿಂದ ಸೇಂಟ್ ಚಾರ್ಲ್ಸ್‌ವರೆಗಿನ 340 ಮೈಲಿಗಳನ್ನು, ಎಂದರೆ ಸುಮಾರು 547 ಕಿ.ಮೀ. ದೂರವನ್ನು, ನಾಲ್ಕು ದಿನಗಳೊಳಗೆ ಮುಗಿಸತಕ್ಕ ಪಂದ್ಯ ನಡೆಯುತ್ತದೆ. ನಮ್ಮ ದೇಶದಲ್ಲಿಯೇ 1994ರಲ್ಲಿ ಪರ್ವತಾರೋಹಿ ಬಚೇಂದ್ರಿ ಪಾಲ್ ಅವರ ನೇತೃತ್ವದಲ್ಲಿ ಹದಿನೆಂಟು ಮಂದಿ ಮಹಿಳೆಯರು ರಾಫ್ಟುಗಳಲ್ಲಿ ಹರಿದ್ವಾರದಿಂದ ಕಲ್ಕತ್ತೆಯವರೆಗೆ 2155 ಕಿ.ಮೀ. ಗಂಗಾಮಾರ್ಗವನ್ನು 39 ದಿನಗಳಲ್ಲಿ ಕ್ರಮಿಸಿದರು. ದಿನಕ್ಕೆ ಸರಾಸರಿ ಐವತ್ತೈದು ಕಿ.ಮೀ. ಆಯಿತು; ಉಪ್ಪಿನಂಗಡಿಯಿಂದ ಮಂಗಳೂರಿಗೆ ರಸ್ತೆಯಲ್ಲಿರುವುದೇ ಹೆಚ್ಚುಕಡಿಮೆ ಅಷ್ಟು. ಹಾಗಾದರೆ ನಮ್ಮದು ಒಂದು ದಿನದ ಕೆಲಸವಲ್ಲವೆ ಎಂದು ಅವರು ಕೇಳುತ್ತಾರೆ.

ಅಲ್ಲ ಎಂಬುದೇ ನನ್ನ ಉತ್ತರ. ಮಿಸೌರಿಯ ಆ 547 ಕಿ.ಮೀ.ಗಳಲ್ಲಿ ಅಡ್ಡಲಾಗಿ ಒಂದೇ ಒಂದು ಅಣೆಕಟ್ಟಿಲ್ಲ. ಕೈ ಸೋತರೂ ನದಿಯೇ ಕರೆದೊಯ್ಯುತ್ತದೆ. ನಮ್ಮಲ್ಲಿಯಾದರೋ, ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಮುಂದೆ ಹರಿದ ನೇತ್ರಾವತಿಗೆ ಬಿಳಿಯೂರು, ಶಂಭೂರು, ಜಕ್ರಿಬೆಟ್ಟು, ತುಂಬೆ, ಕಟ್ಟಕಡೆಗೆ ಹರೇಕಳ ಎಂದು ಐದು ಅಣೆಕಟ್ಟುಗಳುಂಟು. ಶಂಭೂರಿನದು ವಿದ್ಯುತ್ತಿಗಾಗಿ, ತುಂಬೆಯದು ಮಂಗಳೂರಿನ ನಲ್ಲಿಗಳಿಗಾಗಿ, ಹರೇಕಳದ್ದು ಮುಖ್ಯವಾಗಿ ಕಡಲಿನ ಉಪ್ಪುನೀರು ಮೇಲೇರದಂತೆ ತಡೆಯುವುದಕ್ಕಾಗಿ. ಕಿಂಡಿಗಳ ಬಾಗಿಲು ಹಾಕಿರುವಾಗ ಪ್ರತಿಯೊಂದರ ಹಿಂದೆಯೂ ನೀರು ಕೆರೆಯಂತೆ ನಿಂತುಬಿಡುವುದರಿಂದ, ಅಲ್ಲಿ ಪ್ರವಾಹದ ಸಹಾಯವೆಂಬುದು ಲೇಶವೂ ಇಲ್ಲದೆ ದೋಣಿ ಸಾಗುವುದೆಲ್ಲ ನಮ್ಮ ತೋಳಿನ ಬಲದಿಂದಲೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಪ್ರಾಣಕ್ಕೆ ಸಂಬಂಧಿಸಿದ ವಿಷಯವಿದು. ಕಿಂಡಿ ಅಣೆಕಟ್ಟು ನೋಡುವುದಕ್ಕೆ ಸೌಮ್ಯವಾದದ್ದು. ನಾಲ್ಕಾರು ಅಡಿಗಳ ಇಳಿಜಾರು, ಅದರ ಮೇಲೆ ತೆಳ್ಳಗೆ ಜಾರುವ ನೀರು, ಕೆಳಗೆ ಬಿಳಿಯ ನೊರೆ. ಆದರೆ ಗೋಡೆಯ ಮೇಲಿನಿಂದ ಬಿದ್ದ ನೀರು ತಳಕ್ಕೆ ಧುಮುಕಿ, ಅಲ್ಲಿಂದ ಮೇಲೆದ್ದು, ಎದ್ದದ್ದರಲ್ಲಿ ಒಂದು ಪಾಲು ಮತ್ತೆ ಗೋಡೆಯ ಕಡೆಗೇ ಹಿಂದಿರುಗುವುದರಿಂದ, ಅದರಲ್ಲಿ ಸಿಕ್ಕಿದವನನ್ನು ಆ ಸುಳಿ ಮುಳುಗಿಸಿ, ಎತ್ತಿ, ಪುನಃ ಗೋಡೆಗೆ ಎಳೆದು ಮುಳುಗಿಸುತ್ತಲೇ ಇರುತ್ತದೆ. ನೊರೆಯಲ್ಲಿ ಗಾಳಿಯೇ ಹೆಚ್ಚಾದ್ದರಿಂದ ಲೈಫ್ ಜಾಕೆಟ್ಟು ಸಹ ಅಲ್ಲಿ ಪೂರ್ಣವಾಗಿ ತೇಲಿಸದು. ಬಾಗಿಲು ತೆರೆದಿದ್ದರೆ ಅಪಾಯ ತಪ್ಪಿತೆನ್ನುವಂತೆಯೂ ಇಲ್ಲ. ಆಗ ಕಂಬಗಳ ನಡುವೆ ನುಗ್ಗುವ ನೀರು ದೋಣಿಯನ್ನು ಅಡ್ಡಲಾಗಿ ತಿರುಗಿಸಿ ಕಂಬಕ್ಕೆ ಒತ್ತಿ ಹಿಡಿಯುತ್ತದೆ. ಹಾಗೆ ಒತ್ತಿದ ದೋಣಿಯನ್ನು ನಾಲ್ಕು ಜನ ಸೇರಿದರೂ ಬಿಡಿಸಲಾರರು. ಆದ್ದರಿಂದ ಐದು ಕಡೆಗಳಲ್ಲಿಯೂ ಬಹು ಮುಂಚಿತವಾಗಿ ದಡ ಸೇರಿ, ದೋಣಿಯನ್ನೂ ಗಂಟುಮೂಟೆಗಳನ್ನೂ ಹೊತ್ತು, ಪೊದೆ ಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಕೆಳಕ್ಕಿಳಿಯಬೇಕು. ಇಷ್ಟಾದ ಮೇಲೂ ನೇತ್ರಾವತಿಯನ್ನು ಗಿಡ್ಡ ನದಿಯೆಂದು ತಳ್ಳಿಹಾಕುವವರು ನಕ್ಷೆಯನ್ನು ನೋಡಿದ್ದಾರೆ, ನದಿಯನ್ನು ನೋಡಿಲ್ಲವೆಂದೇ ನನ್ನ ಅಭಿಪ್ರಾಯ.

ನನ್ನ ಉತ್ತರಕ್ಕೆ ಎರಡನೆಯ ಕಾರಣ ಉಬ್ಬರ ಇಳಿತಗಳು. ಅಡ್ಯಾರಿನ ಸಮೀಪ, ನದಿಯ ನಡುವೆ ಪಾವೂರು ಉಳಿಯ ಎಂಬ ಕುದ್ರು, ಎಂದರೆ ನಡುಗಡ್ಡೆ, ಇದೆ. ಆ ಭಾಗದ ದಡದಲ್ಲಿ ಒಮ್ಮೆ ನಾನು ಹೊರಡುವ ಆತುರದಲ್ಲಿದ್ದಾಗ, ಕಡವಿನ ಹಿರಿಯರೊಬ್ಬರು ಜಲ್ಲೆಯನ್ನು ನೀರಿಗೆ ಊರಿ, ಎತ್ತಿ, ಅದರ ಒದ್ದೆಯ ಗುರುತನ್ನು ಹೆಬ್ಬೆರಳಿನಿಂದ ಸವರಿ ನೋಡಿ ಹೇಳಿದರು: "ಸ್ವಲ್ಪ ನಿಲ್ಲಿ ಮಾರಾಯ್ರೆ, ನೀರು ತಿರುಗಲಿ, ಆಮೇಲೆ ಹೋಗುವ." ಹಿಂದೆ 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ತರುವಾಯ ಆವೆಮಣ್ಣು ದೋಣಿಗಳಲ್ಲಿ ಬಂದಿಳಿಯುತ್ತಿದ್ದ ಕಾಲದಲ್ಲಿಯೂ ಅಂಬಿಗರಿಗೆ ಇದೇ ಗಡಿಯಾರ.

ಈ ಗಡಿಯಾರ ನಿತ್ಯವೂ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ನಿನ್ನೆ ಮುಂಜಾನೆ ಆರಕ್ಕೆ ಇಳಿತ ಆರಂಭವಾಗಿದ್ದರೆ, ಇಂದು ಏಳಕ್ಕೆ ಹತ್ತು ನಿಮಿಷವಿರುವಾಗ. ಅದರ ಮೇಲೆ, ಹೊತ್ತೇರಿದಂತೆ ಕಡಲಗಾಳಿ ಎದುರಿನಿಂದ ಬೀಸತೊಡಗುತ್ತದೆ. ಹೀಗಾಗಿ ಹರೇಕಳದಿಂದ ಕೆಳಗಿನ ಕೊನೆಯ ದಾರಿಗೆ, ಗಾಳಿ ಏಳುವ ಮುನ್ನವೇ ಇಳಿತ ದೊರೆಯತಕ್ಕ ಬೆಳಗುಗಳು ಪಕ್ಷಕ್ಕೆ ಕೆಲವು ಮಾತ್ರ. ಅಂತಹ ಬೆಳಗೊಂದನ್ನು ಮೊದಲು ಆರಿಸಿಕೊಂಡು, ಅಲ್ಲಿಂದ ಹಿಂದಕ್ಕೆ ದಿನಗಳನ್ನೆಣಿಸಿ ಉಪ್ಪಿನಂಗಡಿಯಿಂದ ಹೊರಡುವ ದಿನವನ್ನು ನಿಶ್ಚಯಿಸಬೇಕು. ಯಾತ್ರೆಯ ಮುಹೂರ್ತವನ್ನು ಇಡುವುದು ಅಳಿವೆ.

ಮತ್ತೆ ಅಣೆಕಟ್ಟಿನ ಮಾತಿಗೆ ಬರುತ್ತೇನೆ, ಒಂದು ಅಂಶ ಸ್ಪಷ್ಟವಾಗಬೇಕಾಗಿದೆ. ಮಳೆಗಾಲದಲ್ಲಿ ಬಾಗಿಲುಗಳು ತೆರೆದಿರುವವೆಂದು ಆಗ ಹೊರಡುವಂತಿಲ್ಲ. 1923ರ ಮತ್ತು 1974ರ ಪ್ರವಾಹಗಳನ್ನು ಕಂಡ ನದಿಯಿದು. ಮಳೆ ಇಳಿದು, ಬಾಗಿಲು ಮುಚ್ಚುವ ಮೊದಲಿನ ಕೆಲವೇ ವಾರಗಳು ಪ್ರಶಸ್ತ. ನೇತ್ರಾವತಿಯ ಮೇಲಿನ ಹೊಳೆಗಳ ನೀರನ್ನು ಬೇರೆಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಆರಂಭವಾಗಿರುವುದರಿಂದ, ಘಟ್ಟದ ನೀರನ್ನು ಮೇಲಕ್ಕೆತ್ತಿದಷ್ಟೂ ಈ ಅವಧಿ ಕುಗ್ಗುವುದೆಂಬ ಆತಂಕ ನನಗಿದೆ.

ಉಳಿದುದನ್ನು ಬೇಗನೆ ಹೇಳಿಬಿಡುತ್ತೇನೆ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ರಾತ್ರಿ ಹೊಯಿಗೆಯ ದಿಣ್ಣೆಯ ಮೇಲೆ ಮಲಗಬೇಡಿ, ಮೇಲೆ ಎಲ್ಲಿಯೋ ನೀರು ಬಿಟ್ಟರೆ ಅದು ಮುಳುಗಬಹುದು. ದಡದ ತೋಟದವರನ್ನು ಕೇಳಿ ಜಾಗ ಪಡೆಯಿರಿ. ಇಳಿತದ ನೀರು ಕಡಲಿನ ಅಲೆಗೆ ಎದುರಾಗುವ ಅಳಿವೆ ಬಾಗಿಲಿಗೆ ಸಣ್ಣ ದೋಣಿ ಹೋಗತಕ್ಕದ್ದಲ್ಲ. ಜೆಪ್ಪುವಿನ ದಡದಲ್ಲೋ ಉಳ್ಳಾಲದ ದಡದಲ್ಲೋ ಮುಗಿಸಿರಿ.

ಅಣೆಕಟ್ಟುಗಳ ನಿರ್ವಾಹಕರಲ್ಲಿ ನನ್ನದೊಂದು ವಿನಂತಿ: ಪ್ರತಿಯೊಂದರ ಪಕ್ಕದಲ್ಲಿ ದೋಣಿ ಹೊತ್ತು ಇಳಿಯುವಷ್ಟು ಅಗಲದ ಮೆಟ್ಟಿಲು ಕಟ್ಟಿಸಿ, ಬಾಗಿಲು ಹಾಕುವ ಮತ್ತು ತೆಗೆಯುವ ದಿನಗಳನ್ನು ಮೊದಲೇ ಪ್ರಕಟಿಸಿರಿ. ಅದು ಆಗುವವರೆಗೆ, ಹೊರಡಬೇಕೆಂದಿರುವ ಕೇಳುಗರೆ, ಒಂದು ವಾರ ಮುಂಚೆ ರಸ್ತೆಯಿಂದಲೇ ಹೋಗಿ ಐದನ್ನೂ ದಡದಲ್ಲಿ ನಿಂತು ನೋಡಿಕೊಂಡು ಬನ್ನಿ.